ದೊಡ್ಡ ಮೀಸೆ ಮೀನಿಗೆ ಎಂಥ ನೀರು ಬೇಕು?



ಬಣ್ಣದ ಮೀನಿನ ಅಂಗಡಿಯನ್ನು ನೀವು ನೋಡಿದ್ದೀರಿ. ಈಗ ಸಣ್ಣ ಪೇಟೆಗಳಲ್ಲೂ ಇಂಥ ಅಂಗಡಿಗಳಿವೆ. ಗಾಜಿನ ತೊಟ್ಟಿ, ಒಳಗೆ ದೀಪ, ಬುಳುಬುಳು ಗಾಳಿಗುಳ್ಳೆ. ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. "ಅಪ್ಪಾ, ಆ ಮೀಸೆ ಇರೋ ಮೀನು ಬೇಕು" ಅಂತ ಹಟ ಮಾಡುತ್ತಾರೆ. ಮೂರು ಇಂಚಿನ ಮರಿ, ನೋಡಲು ಬಲು ಚೆಂದ. ನಾವೂ ಕೊಂಡುಬಿಡುತ್ತೇವೆ.

ಕೆಲವು ದಿನ ಕಳೆಯುತ್ತದೆ. ಮೀನು ನೀರಿನ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡುತ್ತದೆ. ಮರುದಿನ ಸತ್ತಿರುತ್ತದೆ. "ಮೀನು ಸರಿ ಇರಲಿಲ್ಲ" ಅಂತ ನಾವು ಅಂಗಡಿಯವರನ್ನು ಬೈಯುತ್ತೇವೆ. ಆದರೆ ಬಹಳ ಸಲ ತಪ್ಪು ಮೀನಿನದಲ್ಲ, ನೀರಿನದು. ಮೀನು ಸಾಕುವುದು ಅಂದರೆ ಮೊದಲು ನೀರು ಸಾಕುವುದು. ಆ ನೀರಿನ ವಿಷಯವನ್ನೇ ಇವತ್ತು ತಿಳಿಯೋಣ.

ಮೀಸೆ ಮೀನು ಅಂದರೆ ಯಾವುದು?

ಬಾಯಿಯ ಸುತ್ತ ಬೆಕ್ಕಿನ ಮೀಸೆಯಂಥ ಎಳೆಗಳಿರುವ ಮೀನಿಗೆ ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಅನ್ನುತ್ತಾರೆ. ನಾವು ಮೀಸೆ ಮೀನು ಅನ್ನೋಣ. ತಮಿಳುನಾಡಿನ ತೇನಿ, ಕಂಬಂ, ದಿಂಡಿಗಲ್ ಕಡೆ ಇದರ ಒಂದು ಜಾತಿಗೆ ಕೆಳುತ್ತಿ ಅನ್ನುತ್ತಾರೆ. ಆ ಕಡೆ ನಮ್ಮ ಭಾಷೆ ಮಾತಾಡುವ ಜನರೂ ಇದ್ದಾರೆ. ಕಂಬಂ ಕಣಿವೆಯ ಕಪ್ಪಿಲಿಯರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತಾ ಬಂದಿದ್ದಾರೆ. ಈ ಪಾಠದ ಉದಾಹರಣೆಗಳನ್ನು ಆ ಸೀಮೆಯಿಂದಲೇ ತೆಗೆದುಕೊಂಡಿದ್ದೇವೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈ ಮೀಸೆ ಏತಕ್ಕೆ? ಕತ್ತಲಲ್ಲಿ, ಕೆಸರಿನಲ್ಲಿ ತಡವಿ ಆಹಾರ ಹುಡುಕಲು. ಈ ಮೀನುಗಳಿಗೆ ಮೈಮೇಲೆ ಹುರುಪೆ ಇರುವುದಿಲ್ಲ. ಬರಿ ಚರ್ಮ. ಹಾಗಾಗಿ ನೀರಿನಲ್ಲಿ ಏನು ಸೇರಿದರೂ ಇವುಗಳ ಮೈಗೆ ಬೇಗ ತಾಗುತ್ತದೆ. ಈ ಮಾತು ನೆನಪಿರಲಿ.

ಅಂಗಡಿಯಲ್ಲಿ ಸಿಗುವ ದೊಡ್ಡ ಜಾತಿಗಳು ಇವು:

ಕೆಂಪು ಬಾಲದ ಕ್ಯಾಟ್‌ಫಿಶ್. ಇದರ ಊರು ದಕ್ಷಿಣ ಅಮೆರಿಕದ ಅಮೆಜಾನ್ ನದಿ. ಮರಿ ಮೂರು ಇಂಚು. ಒಂದೇ ವರ್ಷದಲ್ಲಿ ಒಂದು ಅಡಿ ದಾಟುತ್ತದೆ. ದೊಡ್ಡದಾದಾಗ ಮೂರು ನಾಲ್ಕು ಅಡಿ. ಸರಿಯಾಗಿ ಸಾಕಿದರೆ 15 ವರ್ಷಕ್ಕೂ ಹೆಚ್ಚು ಬದುಕುತ್ತದೆ.

ಪಂಗಾಸ್. ಅಂಗಡಿಯವರು ಇದನ್ನು "ಶಾರ್ಕ್" ಅಂತ ಮಾರುತ್ತಾರೆ. ಇದು ಶಾರ್ಕ್ ಅಲ್ಲ. ಏಷ್ಯಾದ ಮೆಕಾಂಗ್ ನದಿಯ ಮೀಸೆ ಮೀನು. ಇದೂ ಮೂರಡಿ ದಾಟಿ ಬೆಳೆಯುತ್ತದೆ.

ಕೆಂಪು ಬಾಲದ ಮೀನು ಬೇಟೆಯ ಮೀನು. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡದು. ನುಂಗಿಯೇ ಬಿಡುತ್ತದೆ. ಸಣ್ಣ ಕಲ್ಲನ್ನೂ ನುಂಗುವುದುಂಟು. ಆದ್ದರಿಂದ ತೊಟ್ಟಿಯಲ್ಲಿ ನುಣ್ಣನೆ ಮರಳು ಹಾಕಿ. ಕಲ್ಲು ಹಾಕುವುದಾದರೆ ಅದರ ಬಾಯಿಗಿಂತ ದೊಡ್ಡದು ಇರಲಿ.

ಮೊದಲ ಪ್ರಶ್ನೆ: ಎಷ್ಟು ನೀರು?

ನೀರು ಎಂಥದು ಅನ್ನುವ ಮೊದಲು, ಎಷ್ಟು ಅನ್ನುವುದನ್ನು ತಿಳಿಯಬೇಕು. ಇಲ್ಲಿ ನಾವು ಕಲಿತ ಲೆಕ್ಕ ಕೆಲಸಕ್ಕೆ ಬರುತ್ತದೆ.

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ. ಬಂದದ್ದನ್ನು 1000ದಿಂದ ಭಾಗಿಸಿ. ಅದೇ ಲೀಟರು.

ಉದಾಹರಣೆ: ಉದ್ದ 120, ಅಗಲ 45, ಎತ್ತರ 45. ಗುಣಿಸಿದರೆ 2,43,000. ಸಾವಿರದಿಂದ ಭಾಗಿಸಿದರೆ 243 ಲೀಟರು. ಇದು ಅಂಗಡಿಯವರು ಹೇಳುವ "ನಾಲ್ಕು ಅಡಿ ಟ್ಯಾಂಕು".

ನಾಲ್ಕು ಅಡಿ ಅಂದರೆ ನಮಗೆ ದೊಡ್ಡದು. ಮೀನಿಗೋ? ಮೂರಡಿ ಬೆಳೆಯುವ ಮೀನಿಗೆ ಒಂದೂವರೆ ಅಡಿ ಅಗಲದಲ್ಲಿ ತಿರುಗಲಿಕ್ಕೇ ಆಗದು. ಅದಕ್ಕೆ 12 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಸಿಮೆಂಟ್ ಕೊಳವಾದರೂ ಬೇಕು. ಅದರಲ್ಲಿ ಸುಮಾರು 6,100 ಲೀಟರು ನೀರು ಹಿಡಿಯುತ್ತದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಅಂದರೆ 6 ಟನ್ನಿಗೂ ಹೆಚ್ಚು! ಇಂಥ ಕೊಳವನ್ನು ಮಹಡಿ ಮೇಲೆ ಕಟ್ಟಬಾರದು. ನೆಲದ ಮೇಲೆಯೇ ಇರಬೇಕು.

"ಸಣ್ಣ ತೊಟ್ಟಿಯಲ್ಲಿಟ್ಟರೆ ಮೀನು ಸಣ್ಣದಾಗೇ ಉಳಿಯುತ್ತೆ" ಅನ್ನುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಇಕ್ಕಟ್ಟಿನಲ್ಲಿ, ಕೊಳಕು ನೀರಿನಲ್ಲಿ ಮೀನಿನ ಬೆಳವಣಿಗೆ ಕೆಡುತ್ತದೆ. ಬೆನ್ನು ಸೊಟ್ಟಗಾಗುತ್ತದೆ. ಆಯಸ್ಸು ಕಮ್ಮಿಯಾಗುತ್ತದೆ. ಸಣ್ಣದಾಗಿ ಉಳಿಯುವುದು ಬೇರೆ, ಸೊರಗುವುದು ಬೇರೆ.

ಎರಡನೇ ಪ್ರಶ್ನೆ: ನೀರಿನಲ್ಲಿ ವಿಷ ಎಲ್ಲಿಂದ ಬಂತು?

ಮೀನು ತಿನ್ನುತ್ತದೆ. ಹೇಲುತ್ತದೆ. ಉಸಿರಾಡುತ್ತದೆ. ಇದರಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ದನದ ಕೊಟ್ಟಿಗೆಯಲ್ಲಿ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯಾ. ನದಿಯಲ್ಲಿ ಇದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಉಳಿಯುತ್ತದೆ. ಮೀನಿನ ಕಿವಿರು ಸುಡುತ್ತದೆ.

ಬೇಟೆಯ ಮೀನು ಮಾಂಸ ತಿನ್ನುವ ಮೀನು. ಮಾಂಸದಲ್ಲಿ ಪ್ರೋಟೀನು ಹೆಚ್ಚು. ಪ್ರೋಟೀನು ಹೆಚ್ಚಾದಷ್ಟೂ ಅಮೋನಿಯಾ ಹೆಚ್ಚು. ಹಾಗಾಗಿ ಒಂದು ದೊಡ್ಡ ಮೀಸೆ ಮೀನು ಮಾಡುವ ಗಲೀಜನ್ನು ಹತ್ತಾರು ಸಣ್ಣ ಮೀನುಗಳೂ ಮಾಡವು.

ಇದಕ್ಕೆ ಪರಿಹಾರ ಪ್ರಕೃತಿಯಲ್ಲೇ ಇದೆ. ಕಣ್ಣಿಗೆ ಕಾಣದ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾ ತಾನೆ? ಹಾಗೆಯೇ ಇವೂ ಕೆಲಸ ಮಾಡುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೇಡಲ್ಲ. ಎರಡು ಹೆಸರೂ ಒಂದೇ ಥರ ಕೇಳಿಸುತ್ತವೆ. ಓದುವಾಗ ನಡುವಿನ ಅಕ್ಷರ ಗಮನಿಸಿ.

ಈ ಬ್ಯಾಕ್ಟೀರಿಯಾ ಎಲ್ಲಿ ವಾಸ ಮಾಡುತ್ತದೆ? ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಕಲ್ಲಿನ ಮೇಲೆ. ಹೊಸ ತೊಟ್ಟಿಯಲ್ಲಿ ಇವು ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಸಾಯುವುದು ಇದಕ್ಕೇ.

ಹೀಗೆ ಮಾಡಿ: ತೊಟ್ಟಿಗೆ ನೀರು ತುಂಬಿ. ಫಿಲ್ಟರು ಹಾಕಿ. ಮೀನು ಬೇಡ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯ ಸ್ಪಂಜು ಒಂದು ತುಂಡು ಸಿಕ್ಕರೆ ಹೊಸ ಫಿಲ್ಟರಿಗೆ ಸೇರಿಸಿ. ಅದೇ ಹೆಪ್ಪು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೀನು ಬಿಡಿ.

ಮೂರನೇ ಪ್ರಶ್ನೆ: ಅಳೆಯುವುದು ಹೇಗೆ?

ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಅಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ಅಳೆದೇ ನೋಡಬೇಕು. ಅಂಗಡಿಯಲ್ಲಿ ಪರೀಕ್ಷೆಯ ಕಿಟ್ಟು ಸಿಗುತ್ತದೆ. ಸಣ್ಣ ಸೀಸೆಗೆ ನೀರು ಹಾಕಿ, ಹೇಳಿದಷ್ಟು ಹನಿ ಔಷಧ ಬಿಟ್ಟರೆ ಬಣ್ಣ ಬರುತ್ತದೆ. ಆ ಬಣ್ಣವನ್ನು ಚೀಟಿಯ ಬಣ್ಣದ ಜೊತೆ ಹೋಲಿಸಬೇಕು.

ಚೀಟಿಯಲ್ಲಿ "ಪಿಪಿಎಂ" ಅಂತ ಬರೆದಿರುತ್ತದೆ. ಒಂದು ಪಿಪಿಎಂ ಅಂದರೆ ಸಾವಿರ ಲೀಟರು ನೀರಿನಲ್ಲಿ ಒಂದು ಗ್ರಾಂ. ಅಷ್ಟು ಸ್ವಲ್ಪ ಅಮೋನಿಯಾ ಕೂಡ ಮೀನಿಗೆ ಅಪಾಯ.

ದೊಡ್ಡ ಮೀಸೆ ಮೀನಿಗೆ ನೀರು ಹೀಗಿರಬೇಕು:

ಅಮೋನಿಯಾ: ಸೊನ್ನೆ.
ನೈಟ್ರೈಟ್: ಸೊನ್ನೆ.
ನೈಟ್ರೇಟ್: 20 ಪಿಪಿಎಂ ಒಳಗೆ ಇದ್ದರೆ ಒಳ್ಳೆಯದು. 40 ದಾಟಬಾರದು.
ಶಾಖ: 22ರಿಂದ 27 ಡಿಗ್ರಿ ಸೆಲ್ಸಿಯಸ್.
ಪಿಎಚ್: 6.5ರಿಂದ 7.5.
ಕರಗಿದ ಆಮ್ಲಜನಕ: ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು.
ಕ್ಲೋರಿನ್: ಸೊನ್ನೆ.

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ತೊಟ್ಟಿಯ ಪಕ್ಕ ಗೋಡೆಗೆ ಅಂಟಿಸಿ. ವಾರಕ್ಕೊಮ್ಮೆ ಅಳೆದು ತಾರೀಖಿನ ಜೊತೆ ಬರೆದಿಡಿ. ಬರೆದಿಟ್ಟರೆ ನೀರು ಯಾವಾಗ ಕೆಡತೊಡಗಿತು ಅನ್ನುವುದು ಕಣ್ಣಿಗೆ ಕಾಣುತ್ತದೆ.

ನಾಲ್ಕನೇ ಪ್ರಶ್ನೆ: ಪಿಎಚ್ ಅಂದರೇನು?

ನೀರು ಹುಳಿಯೋ ಸುಣ್ಣದ ಥರ ಕ್ಷಾರವೋ ಅಂತ ಹೇಳುವ ಅಂಕಿ ಪಿಎಚ್. 7 ನಡುವೆ. 7ಕ್ಕಿಂತ ಕೆಳಗೆ ಹುಳಿ. ನಿಂಬೆ ರಸ ಹಾಗೆ. 7ಕ್ಕಿಂತ ಮೇಲೆ ಕ್ಷಾರ. ಸುಣ್ಣದ ನೀರು ಹಾಗೆ.

ಇದಕ್ಕೂ ಅಮೋನಿಯಾಕ್ಕೂ ಒಂದು ಗುಟ್ಟಿನ ನಂಟಿದೆ. ನೀರು ಸ್ವಲ್ಪ ಹುಳಿ ಇದ್ದಾಗ ಅಮೋನಿಯಾ ಬಹುಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅದೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಶಾಖ ಏರಿದರೂ ವಿಷ ಹೆಚ್ಚುತ್ತದೆ.

ಇದು ಗೊತ್ತಿದ್ದರೆ ಒಂದು ಒಗಟು ಬಿಡುತ್ತದೆ. "ಎರಡು ತಿಂಗಳು ನೀರು ಬದಲಿಸಲಿಲ್ಲ, ಮೀನು ಚೆನ್ನಾಗೇ ಇತ್ತು. ಪೂರ್ತಿ ಹೊಸ ನೀರು ಹಾಕಿದ ದಿನವೇ ಸತ್ತೋಯ್ತು" ಅಂತ ಕೆಲವರು ಹೇಳುತ್ತಾರೆ. ಯಾಕೆ? ಹಳೆಯ ನೀರು ಬರಬರುತ್ತಾ ಹುಳಿಯಾಗಿರುತ್ತದೆ. ಅದರಲ್ಲಿ ಅಮೋನಿಯಾ ಸೇರಿದ್ದರೂ ಅಷ್ಟು ಕಾಡುವುದಿಲ್ಲ. ಅದರ ಮೇಲೆ ಕ್ಷಾರದ ಬೋರಿನ ನೀರನ್ನು ಬಹಳ ಸುರಿದಾಗ ಪಿಎಚ್ ಒಮ್ಮೆಲೇ ಏರುತ್ತದೆ. ಉಳಿದ ಅಮೋನಿಯಾ ವಿಷವಾಗಿ ತಿರುಗುತ್ತದೆ. ಪೂರ್ತಿ ಬದಲಿಸಿದರಂತೂ ಪಿಎಚ್ಚಿನ ಏಟು, ಶಾಖದ ಏಟು ಎರಡೂ ಬೀಳುತ್ತವೆ. ಹೊಸ ನೀರು ಕೆಟ್ಟದ್ದಲ್ಲ. ತಡವಾಗಿ, ಒಮ್ಮೆಲೇ ಹಾಕಿದ್ದು ಕೆಟ್ಟದ್ದು.

ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ ಮಾತ್ರ ಬದಲಿಸಿ. 243 ಲೀಟರಿನ ತೊಟ್ಟಿಗೆ ಕಾಲುಭಾಗ ಅಂದರೆ ಸುಮಾರು 60 ಲೀಟರು. 15 ಲೀಟರಿನ ಬಕೀಟಿನಲ್ಲಿ ನಾಲ್ಕು ಬಕೀಟು. ಅಷ್ಟೇ ಕೆಲಸ.

ತೆಗೆದ ನೀರನ್ನು ಚೆಲ್ಲಬೇಡಿ. ಅದರಲ್ಲಿ ನೈಟ್ರೇಟ್ ಇದೆ. ನೈಟ್ರೇಟ್ ಅಂದರೆ ಗಿಡಕ್ಕೆ ಗೊಬ್ಬರ. ಕರಿಬೇವಿಗೆ, ತೆಂಗಿಗೆ ಹಾಕಿ. ಉಪ್ಪು ಅಥವಾ ಔಷಧ ಹಾಕಿದ ನೀರನ್ನು ಮಾತ್ರ ಗಿಡಕ್ಕೆ ಹಾಕಬಾರದು.

ಐದನೇ ಪ್ರಶ್ನೆ: ನೀರು ಎಲ್ಲಿಂದ ತರುವುದು?

ಈಗ ತೇನಿ, ದಿಂಡಿಗಲ್ ಕಡೆ ನೋಡೋಣ. ಒಂದೇ ಸೀಮೆ, ಆದರೆ ನೀರು ಹಲವು ಬಗೆ.

ಕಂಬಂ ಕಣಿವೆಗೆ ಪೆರಿಯಾರ್ ನೀರು ಬರುತ್ತದೆ. 1895ರಲ್ಲಿ ಕಟ್ಟಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು ಕೇರಳದ ಬೆಟ್ಟದಲ್ಲಿದೆ. ಅಲ್ಲಿಂದ ಸುರಂಗದ ಮೂಲಕ ನೀರು ಈ ಕಡೆ ಇಳಿಯುತ್ತದೆ. ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರನ್ನು ತೇನಿ ಜಿಲ್ಲೆಯ ಜನ ಇಂದಿಗೂ ಪೊಂಗಲ್ ಹೊತ್ತಿಗೆ ನೆನೆಯುತ್ತಾರೆ. ಆ ನೀರು ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಬದಿಯ ಗದ್ದೆ ತೋಟಗಳನ್ನು ತಣಿಸಿ ವೈಗೈ ಹೊಳೆಗೆ ಸೇರುತ್ತದೆ. ಮುಂದೆ 1959ರಲ್ಲಿ ಆದ ವೈಗೈ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಬೆಟ್ಟದ ನೀರು ಸಾಮಾನ್ಯವಾಗಿ ಮೆದು ನೀರು. ಅದರಲ್ಲಿ ಸುಣ್ಣದ ಅಂಶ ಕಮ್ಮಿ.

ಹಾಗಂತ ಕಾಲುವೆಯ ನೀರನ್ನು ನೇರವಾಗಿ ತೊಟ್ಟಿಗೆ ಹಾಕಬೇಡಿ. ಕಂಬಂ ಕಣಿವೆ ದ್ರಾಕ್ಷಿಗೆ ಹೆಸರುವಾಸಿ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ದ್ರಾಕ್ಷಿಯ ಬೂಷ್ಟಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡಿದ್ದು. ಮೈಲುತುತ್ತದಲ್ಲಿ ತಾಮ್ರ ಇದೆ. ತಾಮ್ರ ಮೀನಿಗೆ ವಿಷ. ಹುರುಪೆ ಇಲ್ಲದ ಮೀಸೆ ಮೀನಿಗೆ ಇನ್ನೂ ಕೆಟ್ಟದ್ದು. ತೋಟದಿಂದ ಬಸಿದ ನೀರಿನಲ್ಲಿ ಇದೂ ಇರಬಹುದು, ಕೀಟನಾಶಕವೂ ಇರಬಹುದು. ಔಷಧ ಕಲಸಿದ ಡ್ರಮ್ಮಿನಲ್ಲಿ ಮೀನಿನ ನೀರು ಹಿಡಿಯಲೇಬಾರದು, ಎಷ್ಟು ತೊಳೆದರೂ ಸರಿ. ಅಜ್ಜಿಯ ತಾಮ್ರದ ಹಂಡೆಯಲ್ಲಿ ಇಟ್ಟ ನೀರೂ ಬೇಡ.

ದಿಂಡಿಗಲ್ ಬಯಲಿನಲ್ಲಿ ಬೋರಿನ ನೀರು ಹೆಚ್ಚು. ಅದು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪದರ ಕಟ್ಟುತ್ತದೆ. ಸೋಪು ನೊರೆ ಬರುವುದಿಲ್ಲ. ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ಹಾಗಾಗಿ ಅಲ್ಲಿ ಅಮೋನಿಯಾದ ಮೇಲೆ ಇನ್ನೂ ಹೆಚ್ಚು ಕಣ್ಣಿಡಬೇಕು. ದಿಂಡಿಗಲ್ಲಿನ ಸುತ್ತ ಚರ್ಮ ಹದ ಮಾಡುವ ಕಾರ್ಖಾನೆಗಳಿಂದ ಕೆಲವು ಕಡೆ ಅಂತರ್ಜಲ ಕೆಟ್ಟಿದೆ. ಅಂಥ ಬಾವಿಯ ನೀರು ಮನುಷ್ಯರಿಗೂ ಆಗದು, ಮೀನಿಗೂ ಆಗದು.

ಬೋರಿನಿಂದ ಆಗ ತಾನೇ ಬಂದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ. ಡ್ರಮ್ಮಿನಲ್ಲಿ ತುಂಬಿ ಒಂದು ದಿನ ಗಾಳಿ ಆಡಿಸಿ, ಆಮೇಲೆ ಹಾಕಿ.

ಪಂಚಾಯಿತಿ ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಅದು ನಮ್ಮ ಆರೋಗ್ಯಕ್ಕೆ ಒಳ್ಳೆಯದು. ಆದರೆ ಅದರ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಡ್ರಮ್ಮಿನಲ್ಲಿ 24 ಗಂಟೆ ತೆರೆದಿಟ್ಟು ಗಾಳಿ ಆಡಿಸಿದರೆ ಕ್ಲೋರಿನ್ ಹೋಗುತ್ತದೆ. ಕೆಲವು ನಗರಗಳಲ್ಲಿ ಕ್ಲೋರಮಿನ್ ಹಾಕುತ್ತಾರೆ. ಅದು ಹೀಗೆ ಹೋಗದು. ಅದಕ್ಕೆ ಅಂಗಡಿಯಲ್ಲಿ ಕ್ಲೋರಿನ್ ತೆಗೆಯುವ ದ್ರಾವಣ ಸಿಗುತ್ತದೆ. ಬಾಟ್ಲಿಯ ಮೇಲೆ ಕ್ಲೋರಮಿನ್ನಿನ ಹೆಸರೂ ಇದೆಯಾ ನೋಡಿ, ಬರೆದ ಅಳತೆಯಂತೆ ಹಾಕಿ.

ಆರ್‌ಓ ನೀರು ಒಳ್ಳೆಯದಲ್ವಾ ಅಂತ ಕೇಳಬಹುದು. ಆರ್‌ಓ ನೀರಿನಲ್ಲಿ ಉಪ್ಪಿನ ಅಂಶಗಳು ಬಹುಪಾಲು ಹೋಗಿರುತ್ತವೆ. ಬರೀ ಆರ್‌ಓ ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ, ಜಾರುತ್ತದೆ. ತೀರಾ ಗಡಸು ನೀರಿದ್ದರೆ ಆರ್‌ಓ ನೀರನ್ನು ಬೆರೆಸಿ ಬಳಸಿ.

ಆರನೇ ಪ್ರಶ್ನೆ: ಬೇಸಿಗೆಯಲ್ಲಿ ಏನು ಮಾಡಬೇಕು?

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ ಹಿಡಿಯುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುತ್ತದೆ. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಅದೇ ಹೊತ್ತಿನಲ್ಲಿ ಬಿಸಿಗೆ ಮೀನಿನ ಉಸಿರಾಟ ಜೋರಾಗುತ್ತದೆ. ಬೇಕಾದ್ದು ಹೆಚ್ಚು, ಇರುವುದು ಕಮ್ಮಿ. ಅದಕ್ಕೇ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ತಗಡಿನ ಮಾಡಿನ ಕೆಳಗೂ ಬೇಡ. ನೀರಿನ ಮೇಲ್ಮೈಗೆ ಫ್ಯಾನು ಬೀಸುವಂತೆ ಇಡಿ. ಗಾಳಿ ಪಂಪನ್ನು ಹಗಲು ರಾತ್ರಿ ಓಡಿಸಿ. ಬಾಟ್ಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಬಹುದು. ಆದರೆ ನಿಧಾನ. ಒಮ್ಮೆಲೇ ತಣ್ಣಗಾದರೂ ಮೀನಿಗೆ ಪೆಟ್ಟು.

ಕರೆಂಟು ಹೋದರೆ? ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪು ಸಿಗುತ್ತದೆ. ಒಂದನ್ನು ಇಟ್ಟುಕೊಳ್ಳಿ. ಅದೂ ಇಲ್ಲದಿದ್ದರೆ ತೊಟ್ಟಿಯ ನೀರನ್ನೇ ಮಗ್ಗಿನಲ್ಲಿ ಎತ್ತಿ ಎತ್ತಿ ಸುರಿಯಿರಿ. ಆ ಹೊತ್ತಿನಲ್ಲಿ ಆಹಾರ ಹಾಕಬೇಡಿ.

ಫಿಲ್ಟರು ಮತ್ತು ಆಹಾರ

ಫಿಲ್ಟರಿನ ಡಬ್ಬಿ ಮೇಲೆ "ಗಂಟೆಗೆ ಇಷ್ಟು ಲೀಟರು" ಅಂತ ಬರೆದಿರುತ್ತದೆ. ತೊಟ್ಟಿಯ ನೀರು ಗಂಟೆಗೆ ಐದು ಸಲವಾದರೂ ಫಿಲ್ಟರಿನ ಮೂಲಕ ಹಾದು ಬರಬೇಕು. 243ನ್ನು 5ರಿಂದ ಗುಣಿಸಿ. 1,215. ಅಂದರೆ 1,215 ಲೀಟರಿಗೆ ಕಮ್ಮಿಯಿಲ್ಲದ ಫಿಲ್ಟರು ಬೇಕು.

ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಮೆಲ್ಲಗೆ ಹಿಂಡಿ. ಸೋಪು ಎಂದೂ ಬೇಡ.

ಮರಿಗೆ ದಿನಾ ಸ್ವಲ್ಪ ಆಹಾರ ಸಾಕು. ದೊಡ್ಡ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಮೀನಿನ ತುಂಡು, ಸಿಗಡಿ, ಮುಳುಗುವ ಗುಳಿಗೆ ಕೊಡಬಹುದು. ಕೋಳಿ, ಕುರಿ ಮಾಂಸ ಬೇಡ. ಆ ಕೊಬ್ಬು ಮೀನಿಗೆ ಅರಗುವುದಿಲ್ಲ. ಹಳ್ಳದಿಂದ ಹಿಡಿದ ಜೀವಂತ ಮೀನು ಹಾಕಿದರೆ ಅದರ ರೋಗ ಇದಕ್ಕೂ ಬರುತ್ತದೆ. ತಿಂದು ಮಿಕ್ಕಿದ್ದನ್ನು ಕೂಡಲೇ ತೆಗೆಯಿರಿ.

ಮೀನಿಗೆ ಕಾಯಿಲೆ ಬಂದರೆ ಮೊದಲು ನೀರು ಪರೀಕ್ಷಿಸಿ. ಆಮೇಲೆ ಔಷಧ. ಬಾಟ್ಲಿ ಮೇಲೆ "ಹುರುಪೆ ಇಲ್ಲದ ಮೀನಿಗೆ ಅರ್ಧ ಅಳತೆ" ಅಂತ ಇದೆಯಾ ಓದಿ. ಓದಲು ಬಾರದ ಭಾಷೆಯಲ್ಲಿದ್ದರೆ ಓದಿಸಿ ಕೇಳಿ. ಅಂದಾಜಿನಲ್ಲಿ ಹಾಕಬೇಡಿ.

ಜೋಪಾನ: ತೊಟ್ಟಿಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿಡಿ. ಆಗ ನೀರು ವೈರಿನ ಗುಂಟ ಪ್ಲಗ್ಗಿಗೆ ಇಳಿಯದು. ಮೀಸೆ ಮೀನಿನ ಪಕ್ಕದ ರೆಕ್ಕೆಯಲ್ಲಿ ಮುಳ್ಳಿದೆ. ಬರಿಗೈಯಲ್ಲಿ ಹಿಡಿಯಬೇಡಿ. ತೊಟ್ಟಿಗೆ ಭಾರದ ಮುಚ್ಚಳ ಇರಲಿ. ಇವು ಹಾರುತ್ತವೆ.

ಕೊಳಕು ನೀರಿನಲ್ಲೂ ಬದುಕುತ್ತಲ್ಲ?

"ಕ್ಯಾಟ್‌ಫಿಶ್ ಚರಂಡಿಯಲ್ಲೂ ಬದುಕುತ್ತೆ, ಅದಕ್ಕೇನು ನೀರಿನ ಚಿಂತೆ?" ಅಂತ ಕೇಳುವವರಿದ್ದಾರೆ. ಅವರು ಹೇಳುವುದು ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ. ಅದಕ್ಕೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗ ಇದೆ. ಹಾಗಾಗಿ ಕೊಳಕು ನೀರಿನಲ್ಲೂ ಉಳಿಯುತ್ತದೆ. ಕೆಂಪು ಬಾಲದ ಮೀನಿಗೆ ಅಂಥ ಅಂಗ ಇಲ್ಲ. ನಮ್ಮ ಹೊಳೆಗಳ ಬಾಳೆ ಮೀನಿಗೂ ಇಲ್ಲ. ಬಾಳೆ ಮೀನು ನಮ್ಮದೇ ದೊಡ್ಡ ಬೇಟೆಯ ಮೀನು, ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ಈಗ ಅದು ಅಳಿವಿನ ಭೀತಿ ಇರುವ ಮೀನುಗಳ ಪಟ್ಟಿಯಲ್ಲಿದೆ. ಅದನ್ನು ಹಿಡಿದು ತೊಟ್ಟಿಯಲ್ಲಿ ಇಡುವುದು ಬೇಡ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ 2000ನೇ ಇಸವಿಯಲ್ಲಿ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದನ್ನು ಬಿಗಿಯಾಗಿ ಜಾರಿ ಮಾಡಲು ಹೇಳಿತು. ಯಾಕೆ? ಅದು ಹೊಳೆ ಸೇರಿದರೆ ನಮ್ಮ ಮೀನುಗಳನ್ನು ತಿಂದು ಮುಗಿಸುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. ಕಂಬಂ ಕಣಿವೆಗೆ ನೀರು ಕೊಡುವ ಪೆರಿಯಾರ್ ಸರೋವರದಲ್ಲೇ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಕೊಂಡಿದೆ. ಆ ಸರೋವರಕ್ಕೆ ಸೇರುವ ತೊರೆಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಮೀನಿನ ಜಾತಿಗಳಿವೆ. ಅಲ್ಲಿ ಹೋದರೆ ಹೋಯಿತು, ಮತ್ತೆ ಎಲ್ಲಿಂದಲೂ ತರಲಾಗದು. 2018ರ ಆಗಸ್ಟಿನಲ್ಲಿ ಕೇರಳದಲ್ಲಿ ದೊಡ್ಡ ನೆರೆ ಬಂತು. ಆಗ ಸಾಕಿದ ಕೊಳಗಳಿಂದ ಅರಪೈಮಾದಂಥ ವಿದೇಶಿ ದೈತ್ಯ ಮೀನುಗಳು ಹೊಳೆಗೆ ನುಗ್ಗಿದವು. ಮೀನುಗಾರರ ಬಲೆಗೆ ಅವೇ ಬಿದ್ದವು.

ಈಗ ಯೋಚಿಸಿ. ಮೂರಿಂಚಿನ ಮರಿ ಮೂರಡಿ ಆದಾಗ ಮನೆಯಲ್ಲಿ ಜಾಗ ಸಾಲದು. "ಪಾಪ, ಸಾಯಿಸೋದು ಬೇಡ, ಹೊಳೆಗೆ ಬಿಡೋಣ" ಅಂತ ಮನಸ್ಸು ಕರಗುತ್ತದೆ. ಕೆರೆಗೆ, ಕಾಲುವೆಗೆ, ಅಣೆಕಟ್ಟಿಗೆ ಬಿಟ್ಟುಬಿಡುತ್ತೇವೆ. ಅದು ಕರುಣೆ ಅಲ್ಲ. ಬಿಟ್ಟ ಒಂದು ಬೇಟೆಯ ಮೀನು ನೂರಾರು ನಾಡ ಮೀನನ್ನು ತಿನ್ನುತ್ತದೆ. ಅಲ್ಲಿ ಬಲೆ ಹಾಕಿ ಬದುಕುವ ಮನೆಗಳ ಅನ್ನಕ್ಕೂ ಕಲ್ಲು ಬೀಳುತ್ತದೆ. ತೊಟ್ಟಿಯ ಮೀನನ್ನು, ತೊಟ್ಟಿಯ ನೀರನ್ನು ಎಂದೂ ಹೊಳೆ ಕೆರೆಗೆ ಬಿಡಬೇಡಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂತಿರುಗಿಸಿ. ದೊಡ್ಡ ಕೊಳ ಇರುವವರಿಗೆ ಕೊಡಿ. ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ.

ಇಷ್ಟೆಲ್ಲ ಓದಿದ ಮೇಲೆ "ನಮ್ಮ ಮನೆಗೆ ಇದು ಆಗದು" ಅನ್ನಿಸಿತಾ? ಹಾಗಿದ್ದರೆ ಅದೂ ಒಳ್ಳೆಯ ತೀರ್ಮಾನವೇ. ಎರಡು ಅಡಿ ತೊಟ್ಟಿಯಲ್ಲಿ ಗಪ್ಪಿ, ಮೋಲಿಯಂಥ ಸಣ್ಣ ಮೀನು ಸಾಕಿ. ನೀರಿನ ಪಾಠ ಅದಕ್ಕೂ ಇದೇ. ಮಕ್ಕಳಿಗೂ ಸಂತೋಷ, ಮೀನಿಗೂ ಸುಖ.

ನೆನಪಿಡಿ

1. ಮೀನು ತರುವ ಮೊದಲು ಅದು ಎಷ್ಟು ದೊಡ್ಡದಾಗುತ್ತದೆ ಕೇಳಿ.
2. ಹೊಸ ತೊಟ್ಟಿಯ ನೀರು ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು.
3. ಅಮೋನಿಯಾ, ನೈಟ್ರೈಟ್, ಕ್ಲೋರಿನ್ ಮೂರೂ ಸೊನ್ನೆ ಇರಬೇಕು.
4. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಪೂರ್ತಿ ಬದಲಿಸಬೇಡಿ.
5. ತಾಮ್ರ, ಕೀಟನಾಶಕ, ಸೋಪು ತೊಟ್ಟಿಯ ಹತ್ತಿರ ಸುಳಿಯಬಾರದು.
6. ಸಾಕಿದ ಮೀನನ್ನು ಹೊಳೆಗೆ ಬಿಡಬೇಡಿ.

ಲೆಕ್ಕ ಮಾಡಿ

ಒಂದು ತೊಟ್ಟಿಯ ಉದ್ದ 90, ಅಗಲ 40, ಎತ್ತರ 40 ಸೆಂಟಿಮೀಟರು. ಅದರಲ್ಲಿ ಎಷ್ಟು ಲೀಟರು ನೀರು ಹಿಡಿಯುತ್ತದೆ? ಕಾಲುಭಾಗ ಬದಲಿಸಲು 12 ಲೀಟರಿನ ಎಷ್ಟು ಬಕೀಟು ಬೇಕು?

ಉತ್ತರ: 144 ಲೀಟರು. ಕಾಲುಭಾಗ 36 ಲೀಟರು. ಮೂರು ಬಕೀಟು.

ಬರೆಯಿರಿ

ನಿಮ್ಮ ಮನೆಗೆ ಬರುವ ನೀರು ಎಲ್ಲಿಯದು? ಬೋರಿನದೋ, ನಲ್ಲಿಯದೋ, ಹೊಳೆಯದೋ? ಅದನ್ನು ಕಾಯಿಸಿದರೆ ಬಿಳಿ ಪದರ ಬರುತ್ತದಾ? ಅದರ ಬಗ್ಗೆ ಐದು ವಾಕ್ಯ ಬರೆದು ಮುಂದಿನ ತರಗತಿಗೆ ತನ್ನಿ. ಮೀನು ಸಾಕದಿದ್ದರೂ ಸರಿ, ನಾವು ಕುಡಿಯುವ ನೀರಿನ ಗುಣ ನಮಗೆ ಗೊತ್ತಿರಬೇಕು ಅಲ್ವಾ?